ಏಳನೇ ಮೇಜಿನ ನಡುಗುವ ಕೈ

ಸಿಲ್ವರ್ ಪಾಮ್ ಇಸ್ಪೀಟು ಕ್ಲಬ್ಬಿನ ಬಾಗಿಲು ತೆರೆಯುವುದು ಬೆಳಗ್ಗೆ ಒಂಬತ್ತಕ್ಕೆ. ಅರ್ಡಿತ್ ಕೋಲ್‌ಸ್ಟಾಡ್ ಎಂಟೂ ಮುಕ್ಕಾಲಿಗೇ ಅಲ್ಲಿ ಹಾಜರು. ಭಾನುವಾರ ಒಂದು ಬಿಟ್ಟರೆ ಹನ್ನೊಂದು ವರ್ಷದಿಂದ ಹೀಗೇ ನಡೆದುಕೊಂಡು ಬಂದಿತ್ತು. ಭಾನುವಾರ ಚರ್ಚಿಗೆ ಹೋಗುತ್ತಿದ್ದಳು. ಅಲ್ಲಿಗೆ ಮಾತ್ರ ಐದು ನಿಮಿಷ ತಡ.

ಬಾಗಿಲು ತೆರೆದೊಡನೆ ಹಾಲ್‌ನ ಮೇಲ್ವಿಚಾರಕ ಒರ್ವಿಲ್ ಗೋಡೆಯ ಕರಿಹಲಗೆಯ ಮೇಲೆ ಯಾವ ಮೇಜಿಗೆ ಯಾರು ಎಂದು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ಪೂರ್ತಿ ಹೆಸರಲ್ಲ, ಮೊದಲ ಅಕ್ಷರಗಳು ಮಾತ್ರ. ಕಿಟಕಿ ಪಕ್ಕದ ಏಳನೇ ಮೇಜಿನ ಪಟ್ಟಿಯ ನೆತ್ತಿಯಲ್ಲಿ ‘ಎ.ಕೆ.’ ಎಂದು ಬರೆಯಲು ಅವನು ಅರ್ಡಿತಳ ಮುಖವನ್ನೂ ನೋಡಬೇಕಿರಲಿಲ್ಲ, ಅವಳ ಹಳೇ ಕಾರು ಕೆಮ್ಮಿ ನಿಂತ ಸದ್ದು ಕೇಳಿದರೆ ಸಾಕಾಗಿತ್ತು.

ಅವಳಿಗೆ ಅರವತ್ತೆಂಟು. ಹುಟ್ಟಿದ್ದು ಡಕೋಟಾದ ಗೋಧಿ ಸೀಮೆಯಲ್ಲಿ, ಮದುವೆಯಾಗಿ ಬಂದದ್ದು ಲಾಸ್ ಏಂಜಲಿಸ್ ಮಗ್ಗುಲಿನ ಈ ಗಾರ್ಡೀನಾಕ್ಕೆ. ವಿಮಾನದ ರೇಡಿಯೋ ತಯಾರಿಸುವ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಕೂದಲೆಳೆಯಂಥ ತಂತಿಗಳಿಗೆ ಬೆಸುಗೆ ಹಾಕಿ ನಿವೃತ್ತಳಾದಳು. ಗಂಡ ಹಾರ್ಲನ್‌ನಿಗೆ ಇಸ್ಪೀಟೆಂದರೆ ಆಗದು. ಅವನು ತೀರಿಕೊಂಡ ಮೇಲೆ ಒಬ್ಬಳಿಗಾಗಿ ಅಡುಗೆ ಮಾಡಿಕೊಳ್ಳಲು ಬೇಜಾರಾಗಿ, ಈ ಕ್ಲಬ್ಬಿನಲ್ಲಿ ಹುರುಳಿ ಸೂಪು ಅಗ್ಗ ಎಂದು ಯಾರೋ ಹೇಳಿದ್ದು ಕೇಳಿ ಬಂದಳು. ಸೂಪು ಕುಡಿಯುತ್ತ ಆಟ ನೋಡಿದಳು. ಮೂರನೇ ದಿನ ಸೂಪು ಆರಿಹೋಯಿತು, ಆಟ ಮುಂದುವರಿಯಿತು.

ಎರಡು ಡಾಲರ್ ಪಣದ ಪೋಕರ್ ಮೇಜು ಅದು. ಅಲ್ಲಿ ಯಾರೂ ಮನೆ ಮಾರಿಕೊಂಡವರಿಲ್ಲ, ಯಾರೂ ಮನೆ ಕಟ್ಟಿಸಿದವರೂ ಇಲ್ಲ. ಬೆಳಗ್ಗೆ ಕೂತರೆ ಸಂಜೆವರೆಗೆ ಎದುರಿಗೆ ನಾಲ್ಕು ಮುಖ, ಕಿವಿಗೆ ನಾಲ್ಕು ಮಾತು. ಒಂಟಿ ಹೆಂಗಸಿಗೆ ಇದಕ್ಕಿಂತ ಒಳ್ಳೆಯ ಸಂಸಾರವನ್ನು ಯಾವ ಪಾದ್ರಿ ಜೋಡಿಸಿಕೊಟ್ಟಾನು?

ಅವಳಿಗಿದ್ದ ತೊಂದರೆ ಒಂದೇ, ಕೈ. ಕೆಟ್ಟ ಎಲೆ ಬಂದರೆ ನಡುಗುತ್ತಿರಲಿಲ್ಲ. ಐದಕ್ಕೆ ಐದೂ ಕಸ ಬಂದರೂ ಕಲ್ಲಿನ ಹಾಗೆ ಕೂರುತ್ತಿದ್ದಳು. ಒಳ್ಳೆಯ ಎಲೆ ಬಂತೋ, ಎದೆಯಲ್ಲಿ ಅವಲಕ್ಕಿ ಕುಟ್ಟಲು ಶುರು. ಬಾಯಿ ಒಣಗುವುದು, ಕುತ್ತಿಗೆ ಕೆಂಪೇರುವುದು, ಆಮೇಲೆ ಬೆರಳು. ಪಣದ ಬಿಲ್ಲೆಗಳನ್ನು ಎತ್ತಿ ನಡುವಿಗೆ ಇಡುವಷ್ಟರಲ್ಲಿ ಅವು ಒಂದಕ್ಕೊಂದು ತಗುಲಿ ಕಿಟಿಕಿಟಿ ಅನ್ನುತ್ತಿದ್ದವು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಬೇಕು? ಉಳಿದವರೆಲ್ಲ ಒಟ್ಟಿಗೆ ಎಲೆ ಕವುಚಿ ಆ ಆಟ ಬಿಟ್ಟುಬಿಡುತ್ತಿದ್ದರು.

“ಗಂಟೆ ಹೊಡೀತು, ಸ್ಕೂಲು ಬಿಡ್ತು. ನಡೀರಪ್ಪ ಮನೆಗೆ,” ಎನ್ನುತ್ತಿದ್ದ ಡೆಲ್‌ಬರ್ಟ್ ಪ್ರೂಯಿಟ್. ಐವತ್ತು ವರ್ಷ ಕ್ಷೌರದಂಗಡಿ ನಡೆಸಿದ ಮನುಷ್ಯ, ಮಾತಿಗೇನು ಬರ? ಅರ್ಡಿತಳೂ ನಗುತ್ತಿದ್ದಳು.

ಮದ್ದು ಮಾಡದೆಯೂ ಇರಲಿಲ್ಲ. ಪೆಪ್ಪರ್‌ಮಿಂಟ್ ಚೀಪಿದಳು, ನೂರರಿಂದ ಹಿಂದಕ್ಕೆ ಎಣಿಸಿದಳು, ಒಂದು ಚಳಿಗಾಲ ಪೂರ್ತಿ ಉಣ್ಣೆಯ ಕೈಗವಸು ಹಾಕಿಕೊಂಡು ಆಡಿದಳು. ಡಾಕ್ಟರು ಮಾತ್ರೆಯೊಂದನ್ನು ಕೊಟ್ಟರು. ಅದನ್ನು ನುಂಗಿದ ದಿನ ಕೈ ನಿಂತಿತು ನಿಜ, ಜೊತೆಗೆ ಅವಳೂ ನಿಂತಳು. ಮೂರು ರಾಣಿಗಳನ್ನು ಕೈಯಲ್ಲಿ ಹಿಡಿದು ಗೊರಕೆ ಹೊಡೆಯುತ್ತಿದ್ದವಳನ್ನು ಪಕ್ಕದ ಕುರ್ಚಿಯ ಚಿಯೊ ಮಿಯಾಕೆ ತಿವಿದು ಎಬ್ಬಿಸಬೇಕಾಯಿತು.

ಇಷ್ಟಾದರೂ ದಿನಗಳು ಸುಖವಾಗಿಯೇ ಇದ್ದವು, ಲೈಮನ್ ಟ್ರಾಸ್ಕ್ ಬರುವವರೆಗೆ.

ಟ್ರಾಸ್ಕ್ ಅಂಚೆ ಇಲಾಖೆಯಲ್ಲಿ ತಪಾಸಣಾಧಿಕಾರಿಯಾಗಿದ್ದು ನಿವೃತ್ತನಾದವನು. ಎಪ್ಪತ್ತನಾಲ್ಕನೇ ಇಸವಿಯ ಸೆಪ್ಟೆಂಬರಿನಲ್ಲಿ ಓಹಾಯೋದಿಂದ ಬಂದು ಏಳನೇ ಮೇಜಿಗೆ ಸೇರಿಕೊಂಡ. ಅಂಗಿಯ ಜೇಬಿನಲ್ಲಿ ಕ್ಲಬ್ಬಿನ ನಿಯಮಗಳ ಪುಟ್ಟ ಪುಸ್ತಕ. ಆ ಪುಸ್ತಕವನ್ನು ಅಚ್ಚು ಹಾಕಿಸಿದವರೂ ಓದಿರಲಿಕ್ಕಿಲ್ಲ, ಇವನು ಓದಿದ್ದ. ಕೆಟ್ಟವನಲ್ಲ. ಆದರೆ ಜಗತ್ತಿನ ಪ್ರತಿ ಲಕೋಟೆಯೂ ಸರಿಯಾದ ಖಾನೆಯಲ್ಲೇ ಬೀಳಬೇಕು ಎಂದು ನಂಬಿದವನ ಜೊತೆ ಇರುವುದು ಕಷ್ಟ.

ಆ ಊರಿನ ಕ್ಲಬ್ಬುಗಳಲ್ಲಿ ಎಲೆ ಹಂಚಲು ಸಂಬಳದ ಆಳಿರಲಿಲ್ಲ. ಕೂತವರೇ ಸರದಿಯ ಮೇಲೆ ಹಂಚಬೇಕು, ನನ್ನ ಬದಲು ನೀನು ಹಂಚು ಎನ್ನುವಂತಿಲ್ಲ. ಮೊದಲು ತಲೆಗೆ ಐದೈದು ಎಲೆ. ಎಲ್ಲರೂ ನೋಡಿಕೊಂಡು ಪಣ ಕಟ್ಟಿದ ಮೇಲೆ, ಬೇಡದ ಎಲೆ ಎಸೆದವರಿಗೆ ಹಂಚುವವರೇ ಹೊಸ ಎಲೆ ಕೊಡಬೇಕು. ಅರ್ಡಿತ್ ಸಿಕ್ಕಿಬೀಳುತ್ತಿದ್ದದ್ದು ಈ ಎರಡನೇ ಸಲ. ಮೊದಲ ಸಲ ಹಂಚುವಾಗ ತನ್ನ ಎಲೆ ಏನೆಂದು ಗೊತ್ತಿರುವುದಿಲ್ಲ, ಕೈ ನೆಟ್ಟಗಿರುತ್ತದೆ. ಎರಡನೇ ಸಲಕ್ಕೆ ಗೊತ್ತಾಗಿರುತ್ತದೆ. ಒಳ್ಳೆಯ ಎಲೆ ಬಂದಿದ್ದರೆ, ಕೊಡುವ ಎಲೆ ಅವಳ ಕೈಯಲ್ಲೇ ತರಗೆಲೆಯಾಗಿ ಹೊರಳಿ ಮುಖ ತೋರಿಸುತ್ತಿತ್ತು. ಮುಖ ತೋರಿಸಿದ ಎಲೆ ಸತ್ತ ಲೆಕ್ಕ. ಅದನ್ನು ಪಕ್ಕಕ್ಕಿಟ್ಟು ಮುಂದಿನದನ್ನು ಕೊಡಬೇಕು. ಹಳಬರು “ಹೋಗಲಿ ಬಿಡು” ಎಂದು ಅದನ್ನು ಹೊಟ್ಟೆಗೆ ಹಾಕಿಕೊಂಡಿದ್ದರು.

ಟ್ರಾಸ್ಕ್ ಹಾಕಿಕೊಳ್ಳಲಿಲ್ಲ. ಅಕ್ಟೋಬರಿನ ಒಂದು ಸೋಮವಾರ ಅವನಿಗೆ ಬರಬೇಕಾಗಿದ್ದ ಎಕ್ಕ ಎರಡು ಸಲ ಹೀಗೆ ಸತ್ತುಹೋಯಿತು. ಅವನು ಕೈಯೆತ್ತಿ ಒರ್ವಿಲನನ್ನು ಕರೆದ.

“ಈ ಮೇಡಂ ಮೇಲೆ ನಂಗೇನೂ ದ್ವೇಷ ಇಲ್ಲ,” ಎಂದ. “ಆದರೆ ಹಂಚಕ್ಕೆ ಬರದೆ ಇರೋರು ಹಂಚೋ ಮೇಜಲ್ಲಿ ಕೂರಬಾರದು. ಒಂಬತ್ತನೇ ನಿಯಮ.”

“ಹನ್ನೊಂದು ವರ್ಷದಿಂದ ಕೂತಿದಾಳೆ ಸ್ವಾಮಿ,” ಎಂದ ಡೆಲ್‌ಬರ್ಟ್. “ನಿಮ್ಮ ಒಂಬತ್ತನೇ ನಿಯಮ ಬಂದಿದ್ದು ಯಾವಾಗ, ಮೊನ್ನೆಯಾ?”

“ಹನ್ನೊಂದು ವರ್ಷ ತಪ್ಪು ಮಾಡಿದ್ರೆ ಅದು ಸರಿಯಾಗಲ್ಲ.”

ಒರ್ವಿಲನಿಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅರ್ಡಿತಳನ್ನು ಕಂಬದ ಪಕ್ಕಕ್ಕೆ ಕರೆದು, ತನ್ನ ಬೂಟನ್ನೇ ನೋಡುತ್ತ ಹೇಳಿದ: “ಅರ್ಡಿತ್, ಅವರು ಹೇಳೋದ್ರಲ್ಲಿ ತಪ್ಪಿಲ್ಲ. ಶುಕ್ರವಾರದ ತನಕ ನೋಡೋಣ. ಅಷ್ಟರಲ್ಲಿ ಇನ್ನೊಂದು ಎಲೆ ಮುಖ ತೋರಿಸಿದ್ರೆ ಹಲಗೆ ಮೇಲೆ ನಿಮ್ಮ ಹೆಸರು ಬರೆಯಕ್ಕಾಗಲ್ಲ. ಊಟಕ್ಕೆ ಮಾತ್ರ ಯಾವಾಗ ಬೇಕಾದ್ರೂ ಬನ್ನಿ. ಸೂಪಿಗೆ ಯಾರೂ ಬೇಡ ಅನ್ನಲ್ಲ.”

ಕೊನೆಯ ಮಾತನ್ನು ಅವನು ಪ್ರೀತಿಯಿಂದಲೇ ಹೇಳಿದ್ದು. ಅವಳಿಗೆ ಅದೇ ಹೆಚ್ಚು ಚುಚ್ಚಿತು. ಹನ್ನೊಂದು ವರ್ಷದ ಹಿಂದೆ ಎಲ್ಲಿಂದ ಶುರು ಮಾಡಿದ್ದಳೋ ಅಲ್ಲಿಗೇ ವಾಪಸು, ಒಂದು ಬಟ್ಟಲು ಸೂಪು ಮತ್ತು ದೂರದಿಂದ ನೋಡಲು ಬೇರೆಯವರ ಆಟ. ಕಾರಿನಲ್ಲಿ ಕೂತು ಅತ್ತಳು. ಅತ್ತಾದ ಮೇಲೆ, ಅಳುವಾಗ ಕೈ ನಡುಗಲೇ ಇಲ್ಲವಲ್ಲ ಎಂದು ಅದರ ಮೇಲೆ ಸಿಟ್ಟೂ ಬಂತು.

ಮಾರನೆಯ ದಿನ ಊಟದ ಹೊತ್ತಿಗೆ ಡೆಲ್‌ಬರ್ಟ್ ಉಪದೇಶಕ್ಕೆ ಕೂತ.

“ನಾನು ಮೊದಲನೇ ಸಲ ಕತ್ತಿ ಹಿಡಿದಾಗ ನನ್ನ ಕೈ ಹೆಂಗೆ ನಡುಗ್ತಿತ್ತು ಗೊತ್ತಾ? ಗಿರಾಕಿ ಬ್ಯಾಂಕ್ ಮ್ಯಾನೇಜರು. ನಮ್ಮಪ್ಪ ಹಿಂದಿನಿಂದ ಹೇಳಿದ್ರು, ಕಿರುಬೆರಳನ್ನ ಗಲ್ಲದ ಮೇಲೆ ಊರೋ ಕತ್ತೆ, ಅಂತ. ಊರಿದೆ, ನಿಂತೋಯ್ತು. ಗಾಳೀಲಿರೋ ಕೈ ಯಾವತ್ತೂ ನಡುಗತ್ತೆ ಕಣೆ.”

“ನಾನು ಯಾರ ಗಲ್ಲದ ಮೇಲೆ ಊರಲಿ? ಟ್ರಾಸ್ಕ್‌ದಾ?”

“ಊರು. ಆಗ ಅವನ ಕೈ ನಡುಗತ್ತೆ.” ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುವ ಹಾಗೆ, ಇಷ್ಟು ಹೇಳಿದವನು ತನ್ನ ಚಮಚೆಯ ಅರ್ಧ ಸೂಪನ್ನು ಟೈ ಮೇಲೆ ಚೆಲ್ಲಿಕೊಂಡ.

ಬುಧವಾರ ಮಧ್ಯಾಹ್ನ ಚಿಯೊ ಅವಳ ಮನೆಗೆ ಬಂದಳು. ಗಾರ್ಡೀನಾದಲ್ಲೇ ಹುಟ್ಟಿದ ಜಪಾನಿ ಮನೆತನದವಳು, ಸಸಿಗಳ ನರ್ಸರಿ ನಡೆಸಿ ಮಗಳಿಗೆ ಬಿಟ್ಟುಕೊಟ್ಟವಳು. ಬುಟ್ಟಿ ತುಂಬ ಹಿತ್ತಲಿನಲ್ಲಿ ಬೆಳೆದ, ಟೊಮೇಟೊ ಥರ ಕಾಣುವ ಸಿಹಿ ಕಾಕಿ ಹಣ್ಣು ತಂದಿದ್ದಳು. ಹಣ್ಣನ್ನು ಮೇಜಿನ ಮೇಲಿಟ್ಟು, ಗೂಟದಲ್ಲಿ ಇನ್ನೂ ತೂಗಾಡುತ್ತಿದ್ದ ಹಾರ್ಲನ್‌ನ ಹ್ಯಾಟು ತೆಗೆದು ತಲೆಗೆ ಹಾಕಿಕೊಂಡು ಎದುರಿಗೆ ಕೂತಳು.

“ಇದೇನೇ ಇದು?”

“ನಾನೀಗ ಟ್ರಾಸ್ಕು. ನಿಂಗೆ ನಾಲ್ಕು ಎಕ್ಕ ಬಂದಿದೆ ಅಂದ್ಕೊ. ಹಂಚು ಮೇಡಂ. ಉಹುಂ, ಉಹುಂ.” ಗಂಟಲು ಸರಿಮಾಡಿಕೊಳ್ಳುವುದರಲ್ಲಿ ಥೇಟು ಅವನೇ. “ಇದು ನಾಲ್ಕನೇ ನಿಯಮ, ಇದು ನಲವತ್ತನೇ ನಿಯಮ. ಅಂಚೆ ಚೀಟಿ ಎಲ್ಲಿ? ಬೆರಳು ಯಾಕೆ ಅಲ್ಲಾಡ್ತಿದೆ?”

ಅರ್ಡಿತಳಿಗೆ ನಗುವೂ ಬಂತು, ಅದರ ಬೆನ್ನಿಗೇ ನಡುಕವೂ ಬಂತು. ಸುಳ್ಳು ಟ್ರಾಸ್ಕ್‌ಗೂ ನಡುಗುವ ಕೈ ಅದು! ಒಂದು ಎಲೆ ಹಾರಿ ಹಣ್ಣಿನ ಬುಟ್ಟಿಗೆ ಬಿತ್ತು, ಇನ್ನೊಂದು ನೆಲಕ್ಕೆ. ಹತ್ತು ಸಲ ಹಂಚಿದಳು, ಹತ್ತು ಸಲವೂ ಹ್ಯಾಟಿನ ಕೆಳಗಿನಿಂದ ‘ಉಹುಂ’ ಬಂತು.

“ಸಾಕು ಮಾಡೇ!” ಎಂದು ಕಿರುಚಿದಳು ಅರ್ಡಿತ್. “ಮಿಸೆಸ್ ಬೆಲ್ಚರ್ ಆಗಿಹೋದೆಯಲ್ಲೇ ನೀನು!”

“ಯಾರು ಅದು?”

ಕಾರ್ಖಾನೆಯಲ್ಲಿ ಅವಳ ಮೊದಲ ಮೇಲ್ವಿಚಾರಕಿ. ಮೂವತ್ತು ವರ್ಷದ ಹಿಂದೆ ಬೆನ್ನ ಹಿಂದೆ ಸ್ಟಾಪ್‌ವಾಚ್ ಹಿಡಿದು ನಿಂತು ಹೀಗೇ ಗಂಟಲು ಕೆರೆಯುತ್ತಿದ್ದಳು. ಆಗಲೂ ಅರ್ಡಿತಳ ಕೈ ನಡುಗುತ್ತಿತ್ತು. ಬೆಸುಗೆಯ ಕಾದ ಕಡ್ಡಿ ಒಂದು ತಂತಿಗೆ ಮುಟ್ಟಬೇಕಾದ್ದು ಮೂರಕ್ಕೆ ಮುಟ್ಟಿ ಹೊಗೆಯೇಳುತ್ತಿತ್ತು. ಆಮೇಲೆ ಹೇಗೆ ನಿಂತಿತು? ಇಷ್ಟು ವರ್ಷದಲ್ಲಿ ಅವಳು ಆ ಪ್ರಶ್ನೆಯನ್ನೇ ಕೇಳಿಕೊಂಡಿರಲಿಲ್ಲ. ಈಗ ನೆನಪಾಯಿತು. ಪಕ್ಕದ ಬೆಂಚಿನ ಲುಪೆ ಎಂಬಾಕೆ ಹೇಳಿಕೊಟ್ಟಿದ್ದಳು: ನಡುಕ ನಿಲ್ಲಿಸಕ್ಕೆ ಹೋಗಬೇಡ, ನಿಲ್ಲಿಸಕ್ಕೆ ಹೋದ್ರೆ ಜಾಸ್ತಿ ಆಗತ್ತೆ. ಪಾದ ನೆಲಕ್ಕೆ ಊರು, ಮೊಣಕೈ ಬೆಂಚಿಗೆ ಊರು. ಉಸಿರು ಪೂರ್ತಿ ಹೊರಗೆ ಬಿಡು. ಬಿಟ್ಟ ಮೇಲೆ ಒಂದು ಚಣ ಎಲ್ಲ ಸುಮ್ಮನಿರತ್ತಲ್ಲ, ಆಗ ಮುಟ್ಟು. ಒಂದು ತಿಂಗಳಲ್ಲಿ ಅದು ಮೈಗೆ ಹತ್ತಿ, ಮಾಡುತ್ತಿದ್ದೇನೆ ಎನ್ನುವುದೇ ಮರೆತುಹೋಗಿತ್ತು.

“ಹಂಗಾದ್ರೆ ಕ್ಲಬ್ಬಲ್ಲಿ ಯಾಕೆ ಊರಲ್ಲ?” ಚಿಯೊ ಹ್ಯಾಟು ಹಿಂದಕ್ಕೆ ತಳ್ಳಿ ಕೇಳಿದಳು. “ನೀನು ಯಾವಾಗ ನೋಡಿದ್ರೂ ಕೈ ಮೇಲಕ್ಕೆತ್ತಿ ಹಂಚ್ತೀಯ, ನೊಣ ಓಡಿಸೋರ ಥರ.”

“ಮೇಜಿನ ಮೇಲೆ ಮೊಣಕೈ ಊರೋದಾ?” ಅರ್ಡಿತಳಿಗೆ ನಿಜಕ್ಕೂ ಗಾಬರಿಯಾಯಿತು. “ಊರಿದ್ರೆ ನಮ್ಮಮ್ಮ ಮರದ ಚಮಚದಲ್ಲಿ ಬಾರಿಸ್ತಿದ್ಳು.”

“ಅದು ಊಟದ ಮೇಜು ಕಣೆ!”

ಡಕೋಟಾದ ಮನೆಯಲ್ಲಿ ಒಂಬತ್ತು ಮಕ್ಕಳು, ಒಂದು ಉದ್ದನೆಯ ಮೇಜು. ಮೊಣಕೈ ಊರಿದವರಿಗೆ ಏಟು ತಪ್ಪದು. ಬೆಂಚೆಂದರೆ ಕೆಲಸದ ಜಾಗ, ಅಲ್ಲಿ ಊರಬಹುದು, ಮೇಜೆಂದರೆ ಊರಬಾರದು. ಅರವತ್ತೆಂಟರ ಹೆಂಗಸು, ಅಮ್ಮ ಸತ್ತು ನಲವತ್ತು ವರ್ಷವಾದರೂ, ಹಸಿರು ಬಟ್ಟೆ ಹೊದಿಸಿದ ಜೂಜಿನ ಮೇಜಿನ ಮುಂದೆ ಊಟದ ಶಿಸ್ತು ಪಾಲಿಸಿಕೊಂಡು ಬಂದಿದ್ದಳು. ಅವಳ ಸೀಮೆಯವರು ಹಾಗೇ. ಜೂಜಾಡಿದರೂ ಆಡಿಯಾರು, ಮೊಣಕೈ ಮಾತ್ರ ಊರರು.

ಅವತ್ತು ಸಂಜೆವರೆಗೂ ಹಂಚಿದಳು. ಮೊದಮೊದಲು ಮೊಣಕೈ ಊರಿದಾಗೆಲ್ಲ ಬೆನ್ನ ಮೇಲೆ ಚಮಚದ ಏಟಿಗಾಗಿ ಮೈ ಕಾಯುತ್ತಿತ್ತು. ಬರಬರುತ್ತ ಅದೂ ಸುಮ್ಮನಾಯಿತು. ಎಲೆಯನ್ನು ಎತ್ತಿ ಎಸೆಯದೆ, ಮೇಜುಬಟ್ಟೆಯ ಮೇಲೇ ಜಾರಿಸಲು ಕಲಿತಳು. ಚಿಯೊ ಒಬ್ಬಳೇ ಐದು ಹಣ್ಣು ತಿಂದು, ಹ್ಯಾಟನ್ನು ಗೂಟಕ್ಕೆ ಸಿಕ್ಕಿಸಿ ಹೊರಟಳು.

ಗುರುವಾರ ಅವಳಿಗೆ ಹೇಳಿಕೊಳ್ಳುವಂಥ ಎಲೆಯೇ ಬರಲಿಲ್ಲ. ಪರೀಕ್ಷೆಗೆ ಓದಿಕೊಂಡು ಹೋದವರಿಗೆ ಪ್ರಶ್ನೆಪತ್ರಿಕೆ ಬಾರದ ಹಾಗಾಯಿತು.

ಶುಕ್ರವಾರ ಬೆಳಗ್ಗೆ ಒರ್ವಿಲ್ ‘ಎ.ಕೆ.’ ಬರೆದ, ಆದರೆ ಬರೆಯುವ ಮೊದಲು ಸೀಮೆಸುಣ್ಣ ಹಲಗೆಯ ಮುಂದೆ ಸ್ವಲ್ಪ ನಿಂತಿತು. ಅದನ್ನು ಅರ್ಡಿತ್ ನೋಡಿದಳು. ಮಧ್ಯಾಹ್ನ ಸೂಪನ್ನು ಅರ್ಧಕ್ಕೇ ಬಿಟ್ಟೆದ್ದಳು.

ಮೂರು ಗಂಟೆ ಸುಮಾರಿಗೆ ಅವಳ ಸರದಿ ಬಂತು. ಐದೈದು ಎಲೆ ಹಂಚಿದಳು. ಟ್ರಾಸ್ಕ್ ಪಣ ಕಟ್ಟಿ ಆಟ ತೆರೆದ. ಡೆಲ್‌ಬರ್ಟ್ ಎಲೆ ಕವುಚಿದ, ಚಿಯೊ ಕವುಚಿದಳು, ಉಳಿದವರೂ ಕವುಚಿ ಆಟ ಬಿಟ್ಟರು. ಅರ್ಡಿತ್ ತನ್ನ ಎಲೆಗಳ ಅಂಚು ಎತ್ತಿ ನೋಡಿದಳು. ಹತ್ತು. ಹತ್ತು. ಆರು. ಹತ್ತು. ಕೊನೆಯದು ಮತ್ತೆ ಆರು.

ಮೂರು ಹತ್ತು, ಎರಡು ಆರು: ಹಂಚಿದ ಕೈಗೇ ಫುಲ್ ಹೌಸ್. ಇಂಥದ್ದು ವರ್ಷಕ್ಕೊಮ್ಮೆ ಬಂದರೆ ಪುಣ್ಯ. ಎದೆಯಲ್ಲಿ ಒನಕೆ ಎದ್ದಿತು. ಕುತ್ತಿಗೆ ಬಿಸಿಯಾಯಿತು. ಅಯ್ಯೋ ದೇವರೇ, ಇವತ್ತೇ ಬರಬೇಕಿತ್ತಾ ಅಂದುಕೊಂಡಳು. ಎಲ್ಲರ ಕಣ್ಣೂ ಅವಳ ಮುಖ ಬಿಟ್ಟು ಕೈಯ ಮೇಲಿತ್ತು. ಕಂಬಕ್ಕೊರಗಿ ಪೇಪರು ಓದುತ್ತಿದ್ದ ಒರ್ವಿಲ್ ಪುಟ ತಿರುಗಿಸುವುದನ್ನು ನಿಲ್ಲಿಸಿದ್ದ.

ಪಾದ ನೆಲಕ್ಕೂರಿದಳು. ಎರಡೂ ಮೊಣಕೈಗಳನ್ನು, ಅಮ್ಮನ ಕ್ಷಮೆ ಕೇಳಿಕೊಂಡು, ಮೇಜಿಗೂರಿದಳು. ಉಸಿರು ಬಿಟ್ಟಳು. ಬಿಲ್ಲೆಗಳನ್ನು ಎತ್ತದೆ ಬೆರಳ ತುದಿಯಲ್ಲಿ ಜಾರಿಸಿ ಪಣ ಏರಿಸಿದಳು. ಕಿಟಿಕಿಟಿ ಕೇಳಲಿಲ್ಲ.

ಗಂಟೆ ಹೊಡೆಯಲಿಲ್ಲವಲ್ಲ ಎಂದು ಟ್ರಾಸ್ಕ್‌ಗೆ ಧೈರ್ಯ ಬಂದಿರಬೇಕು. ಅಷ್ಟೇ ಬಿಲ್ಲೆ ಹಾಕಿ, ಒಂದು ಎಲೆ ಎಸೆದು, “ನಂಗೆ ಒಂದು,” ಎಂದ.

ಈಗ ಕೊಡಬೇಕು. ಒಂದೇ ಒಂದು ಎಲೆ. ಕಟ್ಟನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಹೆಬ್ಬೆರಳನ್ನು ಮೇಲಿನ ಎಲೆಯ ಮೇಲಿಟ್ಟಳು. ಬೆರಳೊಳಗೆ ನಡುಕ ಬಂದು ನಿಂತಿರುವುದು ಅವಳಿಗೆ ಗೊತ್ತಾಗುತ್ತಿತ್ತು. ಅದನ್ನು ಅದರ ಪಾಡಿಗೆ ಬಿಟ್ಟಳು. ಉಸಿರು ಬಿಟ್ಟಳು, ಇನ್ನೂ ಬಿಟ್ಟಳು, ತಳ ಕಾಣುವವರೆಗೆ. ಆ ಪುಟ್ಟ ಮೌನ ಬಂತು. ಎಲೆಯನ್ನು ಜಾರಿಸಿದಳು. ಹಸಿರು ಬಟ್ಟೆಯ ಮೇಲೆ ಬೋರಲಾಗಿಯೇ ಸಾಗಿ ಟ್ರಾಸ್ಕ್‌ನ ಬೆರಳಿನ ಮುಂದೆ ನಿಂತಿತು.

“ನಂಗೆ ಬೇಡ,” ಎಂದಳು.

ಆಮೇಲೆ ಅವನು ಕಟ್ಟಿದ, ಅವಳು ಏರಿಸಿದಳು, ಅವನು ಮತ್ತೆ ಏರಿಸಿದ, ಅವಳು ಅಷ್ಟಕ್ಕೇ ನಿಲ್ಲಿಸಿ ತೋರಿಸು ಎಂದಳು. ಟ್ರಾಸ್ಕ್ ಎಲೆ ಬಿಚ್ಚಿದ. ಎರಡು ನಾಲ್ಕು, ಮೂರು ರಾಜ. ಅದೂ ಫುಲ್ ಹೌಸೇ, ಅವಳದಕ್ಕಿಂತ ದೊಡ್ಡದು. ಮೂರನೆಯ ರಾಜನನ್ನು ಅವಳೇ ಕೈಯಾರೆ ಕಳಿಸಿಕೊಟ್ಟಿದ್ದಳು.

ಡೆಲ್‌ಬರ್ಟ್ ತಡೆಯಲಾರದೆ ಕೈಚಾಚಿ ಕಟ್ಟಿನ ಮೇಲಿನ ಮುಂದಿನ ಎಲೆಯನ್ನು ಮಗುಚಿ ನೋಡಿದ. ಕಳಾವರ್ ಮೂರು.

“ಅಯ್ಯೋ ಪುಣ್ಯಾತ್ಗಿತ್ತಿ!” ಎಂದು ಹಣೆ ಚಚ್ಚಿಕೊಂಡ. “ನಡುಗಿದ್ರೆ ಆ ರಾಜ ಸತ್ತು ಈ ಮೂರು ಹೋಗಿರ್ತಿತ್ತಲ್ಲೇ! ಹನ್ನೊಂದು ವರ್ಷ ಸುಮ್ ಸುಮ್ನೆ ನಡುಗ್ದೆ, ನಡುಗಬೇಕಾದ ಒಂದು ದಿನ ನಡುಗಲಿಲ್ಲ!”

“ಕಟ್ಟಲ್ಲಿ ಉಳಿದ ಎಲೆ ಮುಟ್ಟೋ ಹಾಗಿಲ್ಲ,” ಎಂದ ಟ್ರಾಸ್ಕ್. “ಹದಿನಾಲ್ಕನೇ ನಿಯಮ.”

“ನಿಮ್ಮ ಹದಿನಾಲ್ಕನೇ ನಿಯಮಾನ ಸೂಪಲ್ಲಿ ಅದ್ದಿಕೊಂಡು ತಿನ್ನಿ,” ಎಂದಳು ಚಿಯೊ.

ಅರ್ಡಿತಳಿಗೆ ಇದಾವುದೂ ಕಿವಿಗೆ ಬೀಳಲಿಲ್ಲ. ಸೋತ ರಾಶಿಯ ಕಡೆ ನೋಡಲೂ ಇಲ್ಲ. ಟ್ರಾಸ್ಕ್‌ನ ಕಡೆ ಬಾಗಿ ಕೇಳಿದಳು: “ಎಲೆ ಕಾಣಿಸ್ತಾ? ಹೋಗೋವಾಗ ಯಾರಿಗಾದ್ರೂ ಕಾಣಿಸ್ತಾ?”

ಟ್ರಾಸ್ಕ್ ಬಿಲ್ಲೆ ಎಳೆದುಕೊಳ್ಳುತ್ತಿದ್ದವನು ನಿಲ್ಲಿಸಿದ. ಅವಳ ಮುಖ ನೋಡಿದ. “ಇಲ್ಲ ಮೇಡಂ,” ಎಂದ. “ಎತ್ತಿ ನೋಡೋವರೆಗೂ ನಂಗೇ ಗೊತ್ತಿರಲಿಲ್ಲ. ಅಚ್ಚುಕಟ್ಟಾಗಿ ಹಂಚಿದ್ರಿ.”

ಅವಳಿಗೆ ಸಂತೋಷದಿಂದ ಕಣ್ಣು ತುಂಬಿತು. ಕಾಫಿ ಲೋಟಕ್ಕೆ ಕೈ ಹಾಕಿದಳು. ಅಷ್ಟು ಹೊತ್ತು ಬಾಗಿಲ ಹೊರಗೆ ನಿಂತಿದ್ದ ನಡುಕ ಈಗ ಒಮ್ಮೆಲೇ ಒಳಗೆ ನುಗ್ಗಿತು. ಲೋಟ ತಟ್ಟೆಯ ಮೇಲೆ ಕುಣಿದು, ಅರ್ಧ ಕಾಫಿ ಮೇಜಿನ ಮೇಲೆ ಹರಿದು, ಟ್ರಾಸ್ಕ್ ಜೇಬಿನಿಂದ ತೆಗೆದಿಟ್ಟಿದ್ದ ನಿಯಮದ ಪುಸ್ತಕವನ್ನು ನೆನೆಸಿತು.

ಟ್ರಾಸ್ಕ್ ಪುಸ್ತಕವನ್ನು ಎರಡು ಬೆರಳಲ್ಲಿ ಎತ್ತಿ, ತೊಟ್ಟಿಕ್ಕುವುದು ನಿಲ್ಲುವವರೆಗೆ ಹಿಡಿದು, ಕರವಸ್ತ್ರದಲ್ಲಿ ಒರೆಸಿದ. ಗಂಟಲು ಸರಿಮಾಡಿಕೊಂಡ.

“ಕಾಫಿ ಬಗ್ಗೆ ಇದ್ರಲ್ಲಿ ಏನೂ ಬರೆದಿಲ್ಲ,” ಎಂದು ಲೋಟವನ್ನು ಅವಳ ಕೈಗೆ ಹತ್ತಿರವಾಗಿ ಸರಿಸಿದ.

ಒರ್ವಿಲ್ ಪೇಪರು ಮಡಚಿ ಕಂಕುಳಲ್ಲಿಟ್ಟುಕೊಂಡು ಕರಿಹಲಗೆಯ ಕಡೆ ನಡೆದ. ಶನಿವಾರದ ಹೆಸರು ಬರೆಯುವುದು ಶನಿವಾರ ಬೆಳಗ್ಗೆಯೇ, ಅದು ಅಲ್ಲಿನ ಪದ್ಧತಿ. ಆದರೂ ಅವನು ಹಲಗೆಯ ಮೂಲೆಯಲ್ಲಿ ಒಂದಿಷ್ಟು ಜಾಗ ಒರೆಸಿ, ‘ನಾಳೆ, ಏಳನೇ ಮೇಜು’ ಎಂದು ಬರೆದು, ಅದರ ಕೆಳಗೆ ಸೀಮೆಸುಣ್ಣ ಒತ್ತಿದ. ಅರ್ಡಿತ್ ಎರಡೂ ಮೊಣಕೈಗಳನ್ನು ಮೇಜಿಗೂರಿ, ನಡುಗುವ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಅವನು ಎರಡು ಅಕ್ಷರ ಬರೆದು ಎರಡನೆಯ ಚುಕ್ಕೆ ಇಡುವವರೆಗೂ ನೋಡುತ್ತ ಕೂತಳು.